ರಮಾನಾಥಣ್ಣ ಒಮ್ಮೆ ಇಲ್ಲ ಅಂದದ್ದು

ಘಾಟ್ಕೋಪರ್ ಈಸ್ಟಿನಲ್ಲಿ ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ ಒಂದು ಉಡುಪಿ ಹೋಟೆಲಿದೆ. ಒಳಗೆ ಕಾಲಿಟ್ಟರೆ ಎಡಗಡೆ ಗಲ್ಲೆಯ ಮೇಲೆ, ಅರ್ಧ ತೋಳಿನ ಬಿಳಿ ಅಂಗಿ ಹಾಕಿ, ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿರುತ್ತಾರಲ್ಲ, ಅವರೇ ರಮಾನಾಥಣ್ಣ. ವಯಸ್ಸು ಅರವತ್ತಮೂರು. ಊರು ಹಿರಿಯಡ್ಕದ ಹತ್ತಿರ. ಹೆಸರಿಗೆ ಕ್ಯಾಷಿಯರ್. ನಿಜ ಹೇಳಬೇಕೆಂದರೆ ಇತ್ತ ಘಾಟ್ಕೋಪರಿನಿಂದ ಅತ್ತ ವಿಕ್ರೋಳಿಯವರೆಗಿನ ಕನ್ನಡಿಗರಿಗೆಲ್ಲ ಅವರು ಆಸ್ಥಾನ ಕವಿ. ಆಸ್ಥಾನ ಮಾತ್ರ ಇಲ್ಲ.

ನಮ್ಮ ಮುಂಬಯಿ ಕನ್ನಡಿಗರ ಕತೆ ನಿಮಗೆ ಗೊತ್ತಲ್ಲ ಮಾರಾಯ್ರೆ. ನಾಲ್ಕು ಜನ ಸೇರಿದರೆ ಒಂದು ಸಂಘ. ಸಂಘ ಅಂದ ಮೇಲೆ ವಾರ್ಷಿಕೋತ್ಸವ, ವಾರ್ಷಿಕೋತ್ಸವ ಅಂದ ಮೇಲೆ ಯಾರಿಗಾದರೂ ಸನ್ಮಾನ. ಇಲ್ಲಿ ಒಬ್ಬ ಕನ್ನಡಿಗ ಒಂದಾದರೂ ಶಾಲು ಹೊದೆಸಿಕೊಳ್ಳದೆ ಅರವತ್ತು ದಾಟುವುದು ಕಷ್ಟ. ಶಾಲು, ಹಾರ, ಹಣ್ಣಿನ ಬುಟ್ಟಿ, ಕೊನೆಗೆ ಗಾಜಿನ ಫ್ರೇಮು ಹಾಕಿದ ಸನ್ಮಾನ ಪತ್ರ. ಆ ಪತ್ರದ ಒಕ್ಕಣೆಯೆಲ್ಲ ರಮಾನಾಥಣ್ಣನದು. ಮದುವೆಯ ಮಂಗಳ ಪದ್ಯ, ನಿವೃತ್ತಿಯ ಬೀಳ್ಕೊಡುಗೆ, ಭಜನಾ ಮಂಡಳಿಗೆ ಹೊಸ ಆರತಿ ಹಾಡು, ಎಲ್ಲವೂ ಅವರ ಗಲ್ಲೆಯ ಮೇಲೆ, ಬಿಲ್ಲಿನ ಚೀಟಿಯ ಹಿಂಬದಿಯಲ್ಲಿ ಹುಟ್ಟಿದವು. ಇಷ್ಟು ಬರೆದವರಿಗೆ ಯಾರಾದರೂ ಒಂದು ಶಾಲು ಹೊದೆಸಿದರೋ ಎಂದು ಕೇಳಬೇಡಿ. ಬರೆದುಕೊಡುವವನಿಗೇ ಸನ್ಮಾನ ಮಾಡಿದರೆ ಪತ್ರ ಬರೆಯುವವರು ಯಾರು?

ಇದರಿಂದ ಅವರಿಗೇನೂ ಬೇಜಾರಿರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲಿಡೀ ಟೇಬಲ್ ಒರೆಸಿ, ಸಂಜೆ ಏಳಕ್ಕೆ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದವರು ಅವರು. ಮನೆಮಾತು ತುಳು. ಕನ್ನಡ ಅಂದರೆ ಅವರ ಪಾಲಿಗೆ ಆ ಶಾಲೆ, ಆ ಶಾಲೆ ಅಂದರೆ ಅಲ್ಲಿಯ ಕನ್ನಡ ಮಾಸ್ತರರು. ಹಗಲು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಆ ಪುಣ್ಯಾತ್ಮರು, ಹುಡುಗರು ಎಷ್ಟು ತಡವಾಗಿ ಬಂದರೂ ಯಾರನ್ನೂ ಬಾಗಿಲಿನಿಂದ ವಾಪಸು ಕಳಿಸಿದವರಲ್ಲ. ಹತ್ತನೆಯ ತರಗತಿ ಪಾಸಾದ ದಿನ ರಮಾನಾಥಣ್ಣ ಕಾಲಿಗೆ ಬಿದ್ದಾಗ ಅವರು ಕೇಳಿದ್ದು ಒಂದೇ. ಕನ್ನಡದ ಕೆಲಸ ಅಂತ ಯಾರಾದರೂ ನಿನ್ನ ಹತ್ತಿರ ಬಂದರೆ ಬರಿಗೈಯಲ್ಲಿ ಕಳಿಸಬೇಡ ಅಂದರು. ಅಂದಿನಿಂದ ನಲವತ್ತೈದು ವರ್ಷ ರಮಾನಾಥಣ್ಣ ಯಾರಿಗೂ ಇಲ್ಲ ಅಂದದ್ದಿಲ್ಲ. ನಿಮ್ಮ ಬಾಯಲ್ಲಿ ಇಲ್ಲ ಅನ್ನಿಸಬೇಕಾದರೆ ಬ್ರಹ್ಮನೇ ಇಳಿದು ಬರಬೇಕು ಎಂದು ಹೆಂಡತಿ ರಾಜೀವಿ ಆಡಿಕೊಳ್ಳುವುದಿತ್ತು. ಅವರು ನಗುತ್ತಿದ್ದರು.

ಇರಲಿ, ವಿಷಯಕ್ಕೆ ಬರುತ್ತೇನೆ.

ಕಳೆದ ವರ್ಷ ನಮ್ಮ ಸಂಘದ ಕಾರ್ಯದರ್ಶಿ ಅನಿಲಕುಮಾರರಿಗೆ ಒಂದು ಯೋಚನೆ ಬಂತು. ವಿಕ್ರೋಳಿಯ ದೊಡ್ಡ ಕಂಪೆನಿಯೊಂದರಲ್ಲಿ ಆಫೀಸರು, ಬಹಳ ಶಿಸ್ತಿನ ಮನುಷ್ಯ. ಪ್ರತಿ ವರ್ಷ ಮಕ್ಕಳು ಹಳೇ ಕವಿಗಳ ಪದ್ಯವನ್ನು ಗಿಳಿಪಾಠ ಒಪ್ಪಿಸಿದ್ದು ಸಾಕು, ಈ ಸಲ ಶಾಲಾ ಮಕ್ಕಳಿಗೆ ಸ್ವರಚಿತ ಕವಿತಾ ಸ್ಪರ್ಧೆ ಎಂದು ವಾಟ್ಸಾಪಿನಲ್ಲಿ ಪ್ರಕಟಣೆ ಹಾಕಿಯೇಬಿಟ್ಟರು. ವಿಷಯ: ಯಾರಿಗೆ ಧನ್ಯವಾದ ಹೇಳಲಿ. ಕವಿತೆ ಸ್ವಂತದ್ದಾಗಿರಬೇಕು, ನೋಡದೆ ಹೇಳಬೇಕು. ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ನಿಯಮ. ಬೇರೆಯವರು ಬರೆದುಕೊಟ್ಟದ್ದೆಂದು ಗೊತ್ತಾದರೆ ಆ ಮಗುವಿನ ಹೆಸರನ್ನು ವೇದಿಕೆಯ ಮೇಲೆಯೇ ಹೇಳಿ ಸ್ಪರ್ಧೆಯಿಂದ ತೆಗೆಯಲಾಗುವುದು.

ಈಗ ನೀವೇ ಹೇಳಿ. ನಮ್ಮ ಮಕ್ಕಳು ಮನೆಯಲ್ಲಿ ತುಳು ಕೇಳಿ, ಶಾಲೆಯಲ್ಲಿ ಇಂಗ್ಲಿಷ್ ಓದಿ, ಬಿಲ್ಡಿಂಗಿನ ಕೆಳಗೆ ಹಿಂದಿಯಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಅವರಿಗೆ ಕನ್ನಡದಲ್ಲಿ ಕವಿತೆ ಬರಿ ಅಂದರೆ ಎಲ್ಲಿಂದ ಬರೆದಾರು? ಆದರೆ ಸಂಘದ ಸ್ಪರ್ಧೆಗೆ ತಮ್ಮ ಮಗು ಹೋಗದಿದ್ದರೆ ತಂದೆತಾಯಿಯ ಮರ್ಯಾದೆಯ ಪ್ರಶ್ನೆ. ಪ್ರಕಟಣೆ ಬಂದ ಮರುದಿನವೇ ಕೇಟರಿಂಗಿನ ದೇವಾನಂದಣ್ಣ ಗಲ್ಲೆಯ ಹತ್ತಿರ ಬಂದು, ಕಾಫಿ ಕುಡಿದು, ಆಚೀಚೆ ನೋಡಿ, ಮೊಮ್ಮಗನಿಗೆ ಎಂಟು ಸಾಲು ಬೇಕಿತ್ತು ರಮಾನಾಥಣ್ಣ, ಯಾರಿಗೂ ಹೇಳುವುದು ಬೇಡ ಎಂದರು. ರಮಾನಾಥಣ್ಣ ಬರೆದುಕೊಟ್ಟರು. ಎರಡು ದಿನ ಬಿಟ್ಟು ಶ್ರೇಯಾಳ ತಾಯಿ ಬಂದಳು. ಅವಳದ್ದೂ ಅದೇ ಪಿಸುಮಾತು. ಹೀಗೆ ಹದಿನೈದು ದಿನದೊಳಗೆ ಏಳು ಮನೆಯವರು ಬಂದರು, ಒಬ್ಬರು ಬಂದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಇದು ತಪ್ಪು ಎಂದು ರಮಾನಾಥಣ್ಣನಿಗೆ ಅನ್ನಿಸಲಿಲ್ಲವೇ? ಅನ್ನಿಸಿತು. ಆದರೆ ಹೇಗಾದರೂ ಎಂಟು ಸಾಲು ಕನ್ನಡ ಆ ಮಕ್ಕಳ ಬಾಯಿಗೆ ಬೀಳುತ್ತದಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಕೆಲಸ ಮಾತ್ರ ಅಚ್ಚುಕಟ್ಟು. ಅಮ್ಮನಿಗೊಂದು, ಸೈನಿಕನಿಗೊಂದು, ರೈತನಿಗೊಂದು, ಟೀಚರಿಗೊಂದು. ಶ್ರೇಯಾಳಿಗೆ ಲೋಕಲ್ ಟ್ರೇನಿನ ಮೇಲೆ. ದೊಡ್ಡವರ ಕೈ ಎಂದು ಗುರುತು ಸಿಗಬಾರದಲ್ಲ, ಅದಕ್ಕೆ ಅಲ್ಲಲ್ಲಿ ಬೇಕೆಂದೇ ಪ್ರಾಸ ಕೆಡಿಸಿದರು, ಮಕ್ಕಳು ಹುಡುಕಿ ಹುಡುಕಿ ಹಾಕುವಂಥ ಶಬ್ದಗಳನ್ನೇ ಹಾಕಿದರು. ಓದಲಿಕ್ಕೆ ಬರಬೇಕಲ್ಲ ಎಂದು ಕನ್ನಡ ಕವಿತೆಯನ್ನು ದೇವನಾಗರಿಯಲ್ಲಿ ಬರೆದುಕೊಟ್ಟರು. ನಮ್ಮಲ್ಲಿ ಇದು ವಾಡಿಕೆ, ಯಾರೂ ತಪ್ಪು ತಿಳಿಯುವುದಿಲ್ಲ.

ಏಳನೆಯದು ಮುಗಿಯುವ ಹೊತ್ತಿಗೆ ಅವರ ತಲೆ ಬರಿದಾಗಿತ್ತು. ಆ ದಿನ ಮಧ್ಯಾಹ್ನ ಮೂರೂವರೆಗೆ, ಹೋಟೆಲು ಸ್ವಲ್ಪ ಖಾಲಿಯಾದಾಗ, ಒಳಗಿನಿಂದ ಲಕ್ಷ್ಮವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗಲ್ಲೆಯ ಹತ್ತಿರ ಬಂದಳು. ಯಾದಗಿರಿ ಕಡೆಯವಳು, ಹೋಟೆಲಿನ ಹಿಂದುಗಡೆ ತರಕಾರಿ ಹೆಚ್ಚುವ ಕೆಲಸ. ಗಂಡ ಸಾಯಬಣ್ಣ ಕಟ್ಟಡದ ಕೆಲಸದವನು, ಎರಡು ವರ್ಷದ ಹಿಂದೆ ಕಾಮಾಲೆಯಾಗಿ ತೀರಿಕೊಂಡಿದ್ದ. ಮಗಳು ಭುವನೇಶ್ವರಿ ಹಿಂದಿ ಶಾಲೆಯಲ್ಲಿ ಏಳನೆಯ ತರಗತಿ. ಹುಡುಗಿ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾಳೆ, ಮಂದಿಯೆಲ್ಲ ನಿಮ್ಮ ಹತ್ತಿರ ಬರೆಸಿಕೊಂಡು ಹೋಗುತ್ತಾರಂತೆ, ಅವಳಿಗೂ ನಾಲ್ಕು ಸಾಲು ಬರೆದುಕೊಡಿ ಎಂದು ಕೇಳಿದಳು.

ರಮಾನಾಥಣ್ಣ ಕನ್ನಡಕ ಇಳಿಸಿದರು. “ನನ್ನಿಂದ ಇನ್ನು ಆಗುವುದಿಲ್ಲ ಲಕ್ಷ್ಮವ್ವ,” ಎಂದರು. “ಹುಡುಗಿಯೇ ಬರೆಯಲಿ.”

ಅವಳು ಆಯ್ತ್ರೀ ಅಣ್ಣಾರ ಎಂದು ಒಳಗೆ ಹೋದಳು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವಳು ಹೋದ ಮೇಲೆ ರಮಾನಾಥಣ್ಣ ಲೆಕ್ಕ ಹಾಕಿ ನೋಡಿದರು. ಕಾರಿನಲ್ಲಿ ಬಂದವರಿಗೆ ಏಳು ಸಲ ಹೂಂ ಎಂದ ಬಾಯಿ, ತಮ್ಮದೇ ಹೋಟೆಲಿನಲ್ಲಿ ದುಡಿಯುವ ಹೆಂಗಸಿಗೆ ಇಲ್ಲ ಎಂದಿತ್ತು. ಮಾಸ್ತರರಿಗೆ ಕೊಟ್ಟ ಮಾತು ಕೆಟ್ಟದ್ದೂ ಅವಳ ವಿಷಯದಲ್ಲಿಯೇ. ಸುಸ್ತಾಗಿತ್ತು ಎನ್ನುವುದು ನೆವ. ದೇವಾನಂದಣ್ಣ ಎಂಟನೆಯವರಾಗಿ ಬಂದಿದ್ದರೆ ಅವರು ಇಲ್ಲ ಅನ್ನುತ್ತಿದ್ದರೋ? ಖಂಡಿತ ಅನ್ನುತ್ತಿರಲಿಲ್ಲ. ಇದು ಅವರಿಗೇ ಗೊತ್ತಿತ್ತು. ನಾಳೆ ಬರೆದುಕೊಟ್ಟರಾಯಿತು ಎಂದುಕೊಂಡರು, ನಾಳೆ ನಾಡಿದ್ದಾಯಿತು, ಸ್ಪರ್ಧೆಯ ದಿನ ಬಂದೇಬಿಟ್ಟಿತು.

ಸ್ಪರ್ಧೆ ಭಾನುವಾರ. ಶಿಸ್ತಿನ ಅನಿಲಕುಮಾರರು ಎಲ್ಲ ನೋಡಿದ್ದರು, ಹಳಿ ರಿಪೇರಿಗೆಂದು ಭಾನುವಾರ ಗಾಡಿ ನಿಲ್ಲಿಸುವ ಸೆಂಟ್ರಲ್ ಲೈನಿನ ಮೆಗಾ ಬ್ಲಾಕ್ ಒಂದನ್ನು ಬಿಟ್ಟು. ಮುಂಬಯಿಯಲ್ಲಿ ಹುಟ್ಟಿದವರೂ ಮಾಡುವ ತಪ್ಪು ಇದು. ಇಬ್ಬರು ತೀರ್ಪುಗಾರರಲ್ಲಿ ಹರಿಣಿ ಟೀಚರು ಹತ್ತು ನಿಮಿಷ ಮೊದಲೇ ಬಂದು ಕೂತಿದ್ದರು. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು, ನೇರ ಮಾತಿನವರು. ಇನ್ನೊಬ್ಬರು ಅಂಬರ್ನಾಥದಿಂದ ಬರಬೇಕಾಗಿದ್ದ ಪ್ರಾಧ್ಯಾಪಕರು. ಅವರ ಗಾಡಿ ಠಾಣೆಯ ಆಚೆಗೇ ಮುಕ್ಕಾಲು ಗಂಟೆಯಿಂದ ನಿಂತಿದೆ ಎಂದು ಫೋನು ಬಂತು. ಸಂಘದ ಹಾಲಿನಲ್ಲಿ ನೂರಿಪ್ಪತ್ತು ಜನ. ಅನಿಲಕುಮಾರರು ಸುತ್ತ ಕಣ್ಣಾಡಿಸಿದರು. ಹೋಟೆಲಿನ ಚಹಾ ವ್ಯವಸ್ಥೆ ನೋಡಿಕೊಳ್ಳಲಿಕ್ಕೆ ಬಂದಿದ್ದ ರಮಾನಾಥಣ್ಣ ಕಣ್ಣಿಗೆ ಬಿದ್ದರು. ನಮ್ಮ ಸಂಘಕ್ಕೆ ಇವರಿಗಿಂತ ದೊಡ್ಡ ಕವಿ ಯಾರು ಎನ್ನುತ್ತ ರಟ್ಟೆ ಹಿಡಿದು ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು. ಆಗುವುದಿಲ್ಲ ಎಂದು ಇವರು ಬಾಯಿ ತೆರೆಯುವುದರೊಳಗೆ ಚಪ್ಪಾಳೆ.

ಆ ಚಪ್ಪಾಳೆಯಲ್ಲಿ ಏಳು ಮನೆಯವರ ಚಪ್ಪಾಳೆ ಸ್ವಲ್ಪ ಜೋರಾಗಿಯೇ ಇತ್ತು. ದೇವಾನಂದಣ್ಣ ಮುಂದಿನ ಸಾಲಿನಿಂದ ಕಣ್ಣು ಮಿಟುಕಿಸಿದರು. ಶ್ರೇಯಾಳ ತಾಯಿ ನಮಸ್ಕಾರ ಮಾಡಿದಳು. ಪ್ರತಿಯೊಬ್ಬರೂ ತೀರ್ಪುಗಾರ ನಮ್ಮವನೇ ಎಂದು ನೆಮ್ಮದಿಯಾಗಿ ಒರಗಿ ಕೂತರು. ರಮಾನಾಥಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಒಟ್ಟು ಹನ್ನೊಂದು ಮಕ್ಕಳು. ಮೂವರು ತೀರ ಚಿಕ್ಕವರು, ತಾವೇ ಕಟ್ಟಿದ ನಾಲ್ಕು ನಾಲ್ಕು ಸಾಲು ಹೇಳಿ ಓಡಿಹೋದರು. ಏಳು ಮಕ್ಕಳು ರಮಾನಾಥಣ್ಣನ ಏಳು ಕವಿತೆಗಳನ್ನು ಅವರ ಮುಖವನ್ನೇ ನೋಡುತ್ತ ಹೇಳಿದರು. ತಾವು ಬೇಕೆಂದು ಕೆಡಿಸಿದ ಪ್ರಾಸಗಳು ಒಂದೊಂದಾಗಿ ಕಿವಿಗೆ ಬಂದು ಬಡಿಯುತ್ತಿದ್ದವು. ಕೊನೆಗೆ ಭುವನೇಶ್ವರಿಯ ಹೆಸರು ಕರೆದರು. ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ, ಶಾಲೆಯ ಯೂನಿಫಾರ್ಮು. ಹಾಲಿನ ಕೊನೆಯ ಸಾಲಿನ ಹಿಂದೆ ಚಹಾದ ಟ್ರೇ ಹಿಡಿದು ಲಕ್ಷ್ಮವ್ವ ನಿಂತಿದ್ದಳು. ಮಗಳು ಏನು ಬರೆದಿದ್ದಾಳೆಂದು ಅವಳಿಗೂ ತಿಳಿಯದು. ಹುಡುಗಿ ಕೈ ಕಟ್ಟಿಕೊಂಡು, ಒಂದೇ ದನಿಯಲ್ಲಿ ಹೇಳಿದಳು.

ಉಳ್ಳಾಗಡ್ಡಿಗಿ ಶರಣು.
ನಮ್ಮನ್ಯಾಗ ಖೋಲಿ ಒಂದು, ಮಂದಿ ಐದು,
ಅಳಾಕ ಜಾಗಾ ಇಲ್ಲ.
ನಮ್ಮವ್ವ ಹೋಟೆಲ್ದಾಗ ಉಳ್ಳಾಗಡ್ಡಿ ಹೆಚ್ಚತಾಳ,
ಅಲ್ಲಿ ಅಳತಾಳ.
ಯಾಕ ಅಂತ ಯಾರೂ ಕೇಳಂಗಿಲ್ಲ.
ಅಪ್ಪ ಸತ್ತ ಐದನೇ ದಿನ ಕೆಲಸಕ್ಕ ಹೋದಳು,
ಸಾಲಿ ಬಿಟ್ಟ ಮ್ಯಾಲ ನಾ ಹಿಂದಿನ ಬಾಗಲದಾಗ ನಿಂತು ನೋಡಿದೆ.
ಮನಿಗಿ ಬರೂಮುಂದ ಅವ್ವನ ಮಾರಿ ಹಗುರ ಆಗಿತ್ತು.
ನಮ್ಮವ್ವಗ ಅಳಾಕ ಜಾಗಾ ಕೊಟ್ಟ
ಉಳ್ಳಾಗಡ್ಡಿಗಿ ಶರಣು.

ಚಪ್ಪಾಳೆ ತಡವಾಗಿ ಬಂತು, ಅದೂ ಅರೆಮನಸ್ಸಿನದು. ಈ ಭಾಷೆ ನಮ್ಮ ಕರಾವಳಿಯವರ ಕಿವಿಗೆ ಸ್ವಲ್ಪ ಒರಟು, ಉಳ್ಳಾಗಡ್ಡಿ ಅಂದರೆ ನೀರುಳ್ಳಿ ಎಂದು ತಿಳಿಯಲಿಕ್ಕೇ ಕೆಲವರಿಗೆ ಹೊತ್ತು ಹಿಡಿಯಿತು. ರಮಾನಾಥಣ್ಣ ಮಾತ್ರ ಪೆನ್ನು ಕೆಳಗಿಟ್ಟು ಕೂತಿದ್ದರು. ಆ ಐದನೇ ದಿನ ಅವರಿಗೆ ನೆನಪಿತ್ತು. ನಾಲ್ಕು ದಿನ ರಜೆ ಮಾಡಿದವಳು ಬಂದಳಲ್ಲ, ಸದ್ಯ, ಮಧ್ಯಾಹ್ನದ ಊಟದ ಗಲಾಟೆಗೆ ಸರಿಹೋಯಿತು ಎಂದು ಗಲ್ಲೆಯಲ್ಲಿ ಕೂತೇ ನಿಟ್ಟುಸಿರು ಬಿಟ್ಟಿದ್ದರು. ಹಿಂದಿನ ಬಾಗಿಲಿಗೂ ಗಲ್ಲೆಗೂ ನಡುವೆ ಇಪ್ಪತ್ತು ಹೆಜ್ಜೆ. ಲೋಕದ ಜನರಿಗೆಲ್ಲ ಒಳ್ಳೆ ಮಾತು ಬರೆದುಕೊಟ್ಟವರು ಆ ಇಪ್ಪತ್ತು ಹೆಜ್ಜೆ ನಡೆದಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಇಂಥ ಕನ್ನಡ ಕೇಳಲಿಕ್ಕೆ ಇಷ್ಟು ವರ್ಷ ಬದುಕಿದ್ದೆನಲ್ಲ ಎಂದು ಒಂದು ಬಗೆಯ ಸಂತೋಷವೂ ಆಯಿತು.

ಅಂಕ ಕೂಡಿಸಲಿಕ್ಕೆ ಪಕ್ಕದ ಸಣ್ಣ ಕೋಣೆಗೆ ಹೋದರು, ತೀರ್ಪುಗಾರರಿಬ್ಬರು ಮತ್ತು ಅನಿಲಕುಮಾರರು. ಹರಿಣಿ ಟೀಚರ ಪಟ್ಟಿಯಲ್ಲಿ ಲೋಕಲ್ ಟ್ರೇನಿನ ಶ್ರೇಯಾ ಮೊದಲು, ದೇವಾನಂದಣ್ಣನ ಮೊಮ್ಮಗ ಎರಡನೆಯವನು. ಭುವನೇಶ್ವರಿಯ ಹೆಸರಿನ ಮುಂದೆ ಅಂಕವೇ ಇಲ್ಲ, ಒಂದು ಗೆರೆ.

ರಮಾನಾಥಣ್ಣ ಇದೇನು ಟೀಚರ್ ಎಂದು ಕೇಳಿದರು.

“ಉಳಿದವು ಮಕ್ಕಳ ಕವಿತೆ,” ಎಂದರು ಹರಿಣಿ ಟೀಚರು. “ಪ್ರಾಸಕ್ಕೆ ಒದ್ದಾಡುತ್ತಾರೆ, ಸಿಗುವುದಿಲ್ಲ, ಅದೇ ಚಂದ. ಈ ಹುಡುಗಿಯದ್ದು ಹಾಗಲ್ಲ. ಕವಿತೆ ಬಹಳ ಒಳ್ಳೆಯದಿದೆ, ಅದೇ ನನಗೆ ಸಂಶಯ. ಹನ್ನೆರಡು ವರ್ಷದ ಮಗುವಿಗೆ ಇದು ಹೊಳೆಯುವುದಿಲ್ಲ. ಯಾರೋ ದೊಡ್ಡವರು ಬರೆದುಕೊಟ್ಟಿದ್ದಾರೆ.”

ಹಾಗಾದರೆ ನಿಯಮದ ಪ್ರಕಾರ ಹೆಸರು ಹೇಳಿ ತೆಗೆಯಲೇಬೇಕಾಗುತ್ತದೆ, ಮೊದಲ ವರ್ಷವೇ ಸಡಿಲ ಬಿಟ್ಟರೆ ಹೇಗೆ ಎಂದು ಅನಿಲಕುಮಾರರು ಪೆನ್ನು ತೆಗೆದರು.

ನೋಡಿ ಎಂಥ ವಿಪರೀತ. ಬರೆದುಕೊಟ್ಟ ಏಳಕ್ಕೆ ಮಕ್ಕಳ ಕವಿತೆ ಎಂಬ ಮೆಚ್ಚುಗೆ, ಮಗು ಬರೆದ ಒಂದಕ್ಕೆ ಕಳ್ಳತನದ ಆರೋಪ. ಇನ್ನು ಐದು ನಿಮಿಷದಲ್ಲಿ ನೂರಿಪ್ಪತ್ತು ಜನರ ಎದುರು, ಚಹಾ ಹಂಚುತ್ತಿರುವ ತಾಯಿಯ ಎದುರು, ಆ ಹುಡುಗಿಯ ಹೆಸರು ಮೈಕಿನಲ್ಲಿ ಬರುತ್ತದೆ. ಆಮೇಲೆ ಅವಳು ಕನ್ನಡದಲ್ಲಿ ಒಂದು ಸಾಲು ಬರೆದಾಳೇ? ಬರೆಯುವುದಿರಲಿ, ಮಾತಾದರೂ ಆಡಿಯಾಳೇ? ಅವಳು ಸ್ವಂತ ಬರೆದದ್ದು ಎಂದು ಹೇಳಬಲ್ಲ ಮನುಷ್ಯ ಆ ಹಾಲಿನಲ್ಲಿ ಒಬ್ಬರೇ. ಹೇಳಿದರೆ ಹೇಗೆ ಗೊತ್ತು ಎಂದು ಕೇಳುತ್ತಾರೆ, ಅದನ್ನು ಹೇಳಿದರೆ ಉಳಿದದ್ದೆಲ್ಲ ಹೊರಗೆ ಬರುತ್ತದೆ. ನಲವತ್ತೈದು ವರ್ಷದ ಹೆಸರು, ದಿನಾ ಎದುರಿಗೆ ಬರುವ ಏಳು ಮನೆಯವರ ಮುಖ. ರಮಾನಾಥಣ್ಣ ಒಂದು ಲೋಟ ನೀರು ಪೂರ್ತಿ ಕುಡಿದರು.

“ಅದು ಅವಳೇ ಬರೆದದ್ದು ಟೀಚರ್,” ಎಂದರು. “ಬರೆದುಕೊಡಿ ಎಂದು ಅವಳ ತಾಯಿ ನನ್ನ ಹತ್ತಿರ ಬಂದಿದ್ದಳು. ನಾನು ಇಲ್ಲ ಅಂದೆ. ಉಳಿದ ಏಳು ಇವೆಯಲ್ಲ, ಅವರಿಗೆ ಇಲ್ಲ ಅನ್ನಲಿಲ್ಲ. ಅವು ನನ್ನವು.”

ಅನಿಲಕುಮಾರರ ಪೆನ್ನು ಅಲ್ಲಿಯೇ ನಿಂತಿತು. ಹರಿಣಿ ಟೀಚರು ತಮ್ಮ ಪಟ್ಟಿಯ ಮೊದಲ ಹೆಸರಿನ ಮೇಲೆ ಬೆರಳಿಟ್ಟರು. ಲೋಕಲ್ ಟ್ರೇನಿನದ್ದೂ ನಿಮ್ಮದೇ ಏನು ಎಂದು ಕೇಳಿದರು. ಹೌದು ಎಂದರು ಇವರು. ಪ್ರಾಸ ಕೆಡಿಸಿದ್ದೂ? ಅದೂ ನಾನೇ. ಟೀಚರಿಗೆ ಸಿಟ್ಟು ಬಂದದ್ದು ನಿಜ. ಮೂವತ್ತು ವರ್ಷ ಪಾಠ ಮಾಡಿದ ನನಗೇ ಟೋಪಿ ಹಾಕಿದಿರಲ್ಲ ಎಂದು ಕೈಯಲ್ಲಿದ್ದ ಪಟ್ಟಿಯನ್ನು ಮೇಜಿಗೆ ಕುಕ್ಕಿದರು. ಆಮೇಲೆ ಇನ್ನೊಂದು ಹಾಳೆ ತೆಗೆದು, ಮೊದಲ ಸಾಲಿನಲ್ಲಿ ಭುವನೇಶ್ವರಿಯ ಹೆಸರು ಬರೆದು, ಎರಡು ಮತ್ತು ಮೂರನೆಯ ಬಹುಮಾನ ಆ ಚಿಕ್ಕ ಮಕ್ಕಳಲ್ಲಿ ಇಬ್ಬರಿಗೆ ಎಂದರು. ಉಳಿದದ್ದನ್ನು ಮೈಕಿನಲ್ಲಿ ಹೇಳುವವರು ನೀವೇ ಎಂದು ರಮಾನಾಥಣ್ಣನ ಕೈಗೆ ಹಾಳೆ ಕೊಟ್ಟರು.

ನಮ್ಮ ಸಭೆಗಳಲ್ಲಿ ತೀರ್ಪುಗಾರರು ಎರಡು ಮಾತಾಡುವುದು ಪದ್ಧತಿ. ಎರಡು ಅಂದರೆ ಇಪ್ಪತ್ತು ನಿಮಿಷ. ಅಂದು ರಮಾನಾಥಣ್ಣ ಆಡಿದ್ದು ನಿಜವಾಗಿಯೂ ಎರಡೇ ಮಾತು. ಏಳು ಮಕ್ಕಳ ಕವಿತೆಗಳಲ್ಲಿ ದೊಡ್ಡವರೊಬ್ಬರ ಕೈಯಿದೆ, ಆ ದೊಡ್ಡವನು ನಾನು, ತಪ್ಪು ನನ್ನದು, ಮಕ್ಕಳದ್ದಲ್ಲ. ಅವರು ತಡವರಿಸದೆ ಹೇಳಿದ್ದಾರೆ, ಹೇಳುಗಾರಿಕೆಗೆ ಅವರಿಗೆ ಒಂದೊಂದು ಪುಸ್ತಕ ನನ್ನ ಲೆಕ್ಕದಲ್ಲಿ. ಯಾವ ಹೆಸರನ್ನೂ ಅವರು ಎತ್ತಲಿಲ್ಲ. ಮುಂದಿನ ಸಾಲುಗಳಲ್ಲಿ ಏಳು ತಲೆಗಳು ಮೊದಲು ಕೆಳಗೆ ಹೋದವು. ಏಳು ಎಂಬ ಸಂಖ್ಯೆ ತಲೆಗೆ ಹೋಗಲಿಕ್ಕೆ ಅರೆ ನಿಮಿಷ ಬೇಕಾಯಿತು, ಆಮೇಲೆ ಒಂದೊಂದಾಗಿ ಮೇಲೆದ್ದು, ಹಾಗಾದರೆ ನೀವೂನಾ ಎಂಬಂತೆ ಅಕ್ಕಪಕ್ಕ ನೋಡತೊಡಗಿದವು. ಮೊದಲು ನಕ್ಕವರು ದೇವಾನಂದಣ್ಣ. ಆ ನಗು ಹಾಲಿಡೀ ಹಬ್ಬಿತು. ಎಲ್ಲರಿಗೂ ನಗು ಬರಲಿಲ್ಲ ಅನ್ನಿ. ಎರಡು ಮನೆಯವರು ಇವತ್ತಿಗೂ ಹೋಟೆಲಿಗೆ ಕಾಲಿಟ್ಟಿಲ್ಲ.

ಭುವನೇಶ್ವರಿಯ ಹೆಸರು ಹೇಳುವಾಗ ಮಾತ್ರ ರಮಾನಾಥಣ್ಣ ಒಂದು ಮಾತು ಹೆಚ್ಚು ಆಡಿದರು. ಈ ಸಂಘಕ್ಕೆ ಐವತ್ತು ವರ್ಷವಾಯಿತು, ದಿನವಿಡೀ ಕನ್ನಡ ಮಾತಾಡುವವರು ನಮ್ಮ ಹೋಟೆಲಿನ ಹಿಂಬಾಗಿಲಿನಲ್ಲೇ ಇದ್ದರು, ನಮಗೆ ಕಾಣಲಿಲ್ಲ. ನೀನು ಬಂದದ್ದಕ್ಕೆ ನಾವು ನಿನಗೆ ಋಣಿ ಮಗಳೇ ಎಂದರು. ಈ ಸಲ ಚಪ್ಪಾಳೆ ಸರಿಯಾಗಿ ಬಂತು. ಹುಡುಗಿ ಬಹುಮಾನದ ಡಿಕ್ಷನರಿಯನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿಗೆ ಹೋಗಿ ಕೂರಬೇಕೆಂದು ತಿಳಿಯದೆ ಅಲ್ಲಿಯೇ ನಿಂತಳು. ಹರಿಣಿ ಟೀಚರು ಕರೆದು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು.

ರಮಾನಾಥಣ್ಣ ವೇದಿಕೆ ಇಳಿದು ನೇರ ಹಿಂದಕ್ಕೆ ಬಂದರು. ಲಕ್ಷ್ಮವ್ವ ಟ್ರೇ ಹಿಡಿದು ಇದ್ದಲ್ಲೇ ಇದ್ದಳು, ಚಹಾ ಆರಿಹೋಗಿತ್ತು. ಇಷ್ಟು ವರ್ಷ ಪದ್ಯ ಬರೆದವರಿಗೆ ಕ್ಷಮೆ ಕೇಳಲಿಕ್ಕೆ ಒಂದು ಶಬ್ದ ಹೊಂದಿಸಲಿಕ್ಕಾಗಲಿಲ್ಲ. ಅಂದು ನಿನಗೆ ಇಲ್ಲ ಅಂದದ್ದು ತಪ್ಪಾಯಿತು ಲಕ್ಷ್ಮವ್ವ ಎಂದಷ್ಟೇ ಹೇಳಿದರು.

ಅವಳು ತಲೆಯಾಡಿಸಿದಳು.

“ನೀವು ಬರಕೊಟ್ಟಿದ್ರ ಇನ್ನೂ ಚಲೋ ಇರ್ತಿತ್ತೇನೋ ಅಣ್ಣಾರ,” ಎಂದಳು. “ಆದರ ನಾ ಅಳೂದು ನನ್ನ ಮಗಳು ನೋಡ್ಯಾಳ ಅನ್ನೂದು ನನಗ ಗೊತ್ತಾಗ್ತಿದ್ದಿಲ್ಲ. ಎರಡು ವರ್ಷ ಆತು, ನಾ ಒಬ್ಬಾಕೀನ ಅಳಾಕತ್ತೀನಿ ಅಂತ ತಿಳಕೊಂಡಿದ್ದೆ. ನೀವು ಇಲ್ಲ ಅಂದಿದ್ದು ಪುಣ್ಯ ಬಂತ್ರಿ.”

ರಮಾನಾಥಣ್ಣ ಎರಡೂ ಕೈ ಜೋಡಿಸಿದರು. ಆಮೇಲೆ ಅವಳ ಕೈಯಿಂದ ಟ್ರೇ ತೆಗೆದುಕೊಂಡು, ಹೋಗು, ಮಗಳ ಹತ್ತಿರ ಕೂತುಕೋ ಎಂದು ಕಳಿಸಿದರು. ತೀರ್ಪುಗಾರರ ಬ್ಯಾಡ್ಜು ಅಂಗಿಯ ಮೇಲೆ ಹಾಗೆಯೇ ಇತ್ತು. ಬಿಸಿ ಚಹಾ ಮತ್ತೆ ತುಂಬಿಸಿಕೊಂಡು ಬಂದು, ಕೊನೆಯ ಸಾಲಿನವರೆಗೆ ತಾವೇ ಹಂಚಿದರು.